‘ವೈರಸ್ ಇಂಜೆಕ್ಷನ್‌ನಿಂದ ಕ್ಯಾನ್ಸರ್ ವಾಸಿ’ ಅಂತ ಮೆಸೇಜ್ ಬಂದರೆ ಏನೇನು ನೋಡಬೇಕು

ನಮ್ಮ ಮಾವನಿಗೆ ನಾಲಿಗೆಯ ಕ್ಯಾನ್ಸರ್ ಅಂತ ಬಯಾಪ್ಸಿ ರಿಪೋರ್ಟ್ ಬಂದು ಇನ್ನೂ ನಾಲ್ಕು ದಿನ ಆಗಿರಲಿಲ್ಲ. ರಾತ್ರಿ ಹನ್ನೊಂದಕ್ಕೆ ಮನೆಯ ವಾಟ್ಸಾಪ್ ಗ್ರೂಪಿನಲ್ಲಿ ಚಿಕ್ಕಪ್ಪನ ಮೆಸೇಜು. ‘ಚೀನಾದಲ್ಲಿ ವೈರಸ್ ಇಂಜೆಕ್ಷನ್ ಕೊಟ್ಟು ಬಾಯಿ ಕ್ಯಾನ್ಸರ್ ಗುಣ ಮಾಡ್ತಾರಂತೆ. ಆಪರೇಷನ್ ಬೇಡವಂತೆ. ಇಲ್ಲಿಯ ಡಾಕ್ಟರುಗಳು ಹೇಳಲ್ಲ.’ ಕೆಳಗೊಂದು ಫೋನ್ ನಂಬರು. ಬೆಳಿಗ್ಗೆ ಫೋನ್ ಮಾಡಿದರೆ ಆ ಕಡೆಯವನು ರಿಪೋರ್ಟ್ ಏನಿದೆ ಅಂತಲೂ ಕೇಳಲಿಲ್ಲ, ನೇರವಾಗಿ ವೀಸಾ, ವಿಮಾನ, ಆಸ್ಪತ್ರೆ ಎಲ್ಲ ಸೇರಿಸಿ ಪ್ಯಾಕೇಜ್ ಲೆಕ್ಕ ಹೇಳಿದ. ಅತ್ತೆ ಅಷ್ಟೊತ್ತಿಗೆ ಕೈಬಳೆ ಬಿಚ್ಚಿ ಮೇಜಿನ ಮೇಲೆ ಇಟ್ಟಾಗಿತ್ತು.

ಆ ಮೆಸೇಜು ಪೂರ್ತಿ ಸುಳ್ಳಾಗಿದ್ದರೆ ಅಳಿಸಿ ಹಾಕಿ ಮಲಗಬಹುದಿತ್ತು. ಆದರೆ ವೈರಸ್ ಬಿಟ್ಟು ಕ್ಯಾನ್ಸರ್ ಗೆಡ್ಡೆ ಒಡೆಯುವ ಚಿಕಿತ್ಸೆ ನಿಜವಾಗಿಯೂ ಇದೆ. ಚೀನಾದಲ್ಲಿ 2005ರ ನವೆಂಬರಿನಲ್ಲೇ ಅದಕ್ಕೆ ಪರವಾನಗಿ ಸಿಕ್ಕಿದೆ, ಅದೂ ತಲೆ ಮತ್ತು ಕುತ್ತಿಗೆ ಭಾಗದ ಕ್ಯಾನ್ಸರಿಗೇ. ಅರ್ಧ ನಿಜ, ಅರ್ಧ ಸುಳ್ಳು. ಆ ಸುಳ್ಳಿನ ಅರ್ಧದಲ್ಲೇ ಮನೆ ಮಾರಿಹೋಗುವುದು.

ನಾನು ಡಾಕ್ಟರಲ್ಲ. ಆಸ್ಪತ್ರೆ ಕಾರಿಡಾರಿನಲ್ಲಿ ಫೈಲ್ ಹಿಡಿದು ಕೂತಿದ್ದವನು ಅಷ್ಟೆ. ಆ ಸಮಯದಲ್ಲಿ ಓದಿ, ಡಾಕ್ಟರನ್ನು ಕೇಳಿ, ಒಂದೆರಡು ಸಲ ಮೋಸ ಹೋಗುವುದರಿಂದ ತಪ್ಪಿಸಿಕೊಂಡು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇಂಥ ಸುದ್ದಿ ನಿಮ್ಮ ಫೋನಿಗೆ ಬಂದರೆ ಹೀಗೆ ಜರಡಿ ಹಿಡಿಯಿರಿ.

ಮೊದಲು, ಅಲ್ಲಿ ವೈರಸ್ ಮಾಡುವ ಕೆಲಸ ಏನು?

‘ವೈರಸ್ ಚಿಕಿತ್ಸೆ’ ಎಂಬ ಒಂದೇ ಹೆಸರಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಓಡಾಡುತ್ತಿವೆ. ಒಂದು, ಗೆಡ್ಡೆಯೊಳಗೆ ಹೊಕ್ಕು, ಅಲ್ಲೇ ಸಂಖ್ಯೆ ಹೆಚ್ಚಿಸಿಕೊಂಡು, ಕ್ಯಾನ್ಸರ್ ಕೋಶವನ್ನು ಒಡೆದು ಹೊರಬರುವ ವೈರಸ್. ಇದಕ್ಕೆ ಆಂಕೋಲಿಟಿಕ್ ವೈರಸ್ ಅಂತಾರೆ. ಈ ಬರಹ ಮುಖ್ಯವಾಗಿ ಇದರ ಬಗ್ಗೆ.

ಎರಡನೆಯದು ಬರೀ ಕೊರಿಯರ್ ಹುಡುಗನ ಕೆಲಸ ಮಾಡುವ ವೈರಸ್. ಬೆಳೆಯುವ ಶಕ್ತಿ ತೆಗೆದುಹಾಕಿ, ‘ಈ ಜೀನು ಒಳಗೆ ಕೊಟ್ಟು ಬಾ’ ಅಂತ ಕಳಿಸುತ್ತಾರೆ. ಅಮೆರಿಕದಲ್ಲಿ 2022ರ ಡಿಸೆಂಬರಿನಲ್ಲಿ ಒಪ್ಪಿಗೆ ಪಡೆದ ಆಡ್‌ಸ್ಟಿಲಾಡ್ರಿನ್ ಈ ಜಾತಿಯದು. ಮೂತ್ರಕೋಶದ ಒಂದು ಬಗೆಯ ಕ್ಯಾನ್ಸರ್ ಬಿಸಿಜಿ ಎಂಬ ರೂಢಿಯ ಔಷಧಿಗೂ ಬಗ್ಗದಿದ್ದಾಗ ಮೂರು ತಿಂಗಳಿಗೊಮ್ಮೆ ಕೊಳವೆಯಲ್ಲಿ ಒಳಗೆ ಬಿಡುತ್ತಾರೆ. ನಮ್ಮ ದೇಶದಲ್ಲೇ ತಯಾರಾಗಿ 2023ರ ಅಕ್ಟೋಬರಿನಲ್ಲಿ ಒಪ್ಪಿಗೆ ಪಡೆದ ನೆಕ್ಸ್‌ಕಾರ್19 ಎಂಬ ಕಾರ್-ಟಿ ಚಿಕಿತ್ಸೆಯಲ್ಲೂ ವೈರಸ್ ಇದೆ. ರೋಗಿಯ ರಕ್ತದಿಂದ ತೆಗೆದ ಟಿ ಕೋಶ ಎಂಬ ರೋಗನಿರೋಧಕ ಕೋಶಗಳಿಗೆ ಹೊಸ ಜೀನು ಸೇರಿಸಲು ಲೆಂಟಿವೈರಸ್ ಬಳಸುತ್ತಾರೆ. ಆದರೆ ಆ ವೈರಸ್ಸಿನ ಕೆಲಸ ಲ್ಯಾಬಿನಲ್ಲೇ ಮುಗಿಯುತ್ತದೆ, ಗೆಡ್ಡೆ ಒಡೆಯುವುದು ಅದಲ್ಲ. ಮೂರನೆಯದು ಲಸಿಕೆ. ಎಚ್‌ಪಿವಿ ಲಸಿಕೆ, ಹೆಪಟೈಟಿಸ್ ಬಿ ಲಸಿಕೆ ಇವೆಲ್ಲ ಕ್ಯಾನ್ಸರ್ ಬರದ ಹಾಗೆ ತಡೆಯಲು. ಬಂದ ಗೆಡ್ಡೆಯನ್ನು ಕರಗಿಸುವುದಕ್ಕಲ್ಲ. ಮೆಸೇಜುಗಳಲ್ಲಿ ಈ ಮೂರನ್ನೂ ಚಿತ್ರಾನ್ನ ಕಲಸಿದ ಹಾಗೆ ಕಲಸಿರುತ್ತಾರೆ.

ಆಂಕೋಲಿಟಿಕ್ ವೈರಸ್ ಒಳ್ಳೆಯ ಕೋಶ ಬಿಟ್ಟು ಕ್ಯಾನ್ಸರ್ ಕೋಶವನ್ನೇ ಯಾಕೆ ಹಿಡಿಯುತ್ತದೆ ಅನ್ನುವುದು ನನಗೆ ತುಂಬಾ ಇಷ್ಟವಾದ ಭಾಗ. ನಮ್ಮ ಮೈಯ ಸಾಮಾನ್ಯ ಕೋಶಕ್ಕೆ ವೈರಸ್ ಹೊಕ್ಕರೆ ಅದು ಸುಮ್ನೆ ಕೂರುವುದಿಲ್ಲ. ಇಂಟರ್‌ಫೆರಾನ್ ಎಂಬ ಪದಾರ್ಥ ಬಿಟ್ಟು, ಬೀದಿ ನಾಯಿ ಬೊಗಳಿದ ಹಾಗೆ ಅಕ್ಕಪಕ್ಕದವರನ್ನೆಲ್ಲ ಎಬ್ಬಿಸುತ್ತದೆ. ತಾನೂ ಬಾಗಿಲು ಹಾಕಿಕೊಳ್ಳುತ್ತದೆ. ಕ್ಯಾನ್ಸರ್ ಕೋಶ ಮೈಯ ಕಾವಲಿನ ಕಣ್ಣು ತಪ್ಪಿಸಿ ಬೆಳೆಯಬೇಕಲ್ಲ, ಹಾಗಾಗಿ ಎಷ್ಟೋ ಸಲ ಅದು ಈ ನಾಯಿಗಳನ್ನು ಮೊದಲೇ ಓಡಿಸಿರುತ್ತದೆ. ಆಮೇಲೆ ಅದರ ಮನೆಗೇ ಕಳ್ಳ ನುಗ್ಗಿದರೆ ಬೊಗಳುವುದಕ್ಕೆ ಯಾರೂ ಇಲ್ಲ! ವೈರಸ್ ಒಳಗೆ ಬೆಳೆದು, ಕೋಶ ಒಡೆದು, ಪಕ್ಕದ್ದಕ್ಕೆ ಹೋಗುತ್ತದೆ.

ಇದು ಅರ್ಧ ಕತೆ. ಒಡೆದ ಕೋಶದ ಚೂರುಪಾರು ಹೊರಗೆ ಚೆಲ್ಲಿದಾಗ ರೋಗನಿರೋಧಕ ಪಡೆಗೆ ‘ಓಹೋ, ಕಳ್ಳ ಹೀಗಿದ್ದಾನಾ’ ಅಂತ ಗುರುತು ಸಿಗುತ್ತದೆ. ಈಗ ತಜ್ಞರು ಹೆಚ್ಚು ನೆಚ್ಚಿಕೊಂಡಿರುವುದು ಈ ಎರಡನೇ ಅರ್ಧವನ್ನೇ. ಹಾಗಾಗಿ ಎಷ್ಟೋ ಪ್ರಯೋಗಗಳಲ್ಲಿ ವೈರಸ್ಸನ್ನು ಒಂಟಿಯಾಗಿ ಕೊಡದೆ, ಈ ಪಡೆಯನ್ನು ಚುರುಕು ಮಾಡುವ ಇಮ್ಯುನೋಥೆರಪಿ ಔಷಧದ ಜೊತೆ ಕೊಡುತ್ತಾರೆ.

ಯಾವ ಕ್ಯಾನ್ಸರು, ಸೂಜಿ ಎಲ್ಲಿಗೆ

ಮುಂದಿನ ಪ್ರಶ್ನೆ ಇದು, ಮತ್ತು ಬಹುಪಾಲು ಮೆಸೇಜುಗಳು ಇಲ್ಲೇ ಬಿದ್ದುಹೋಗುತ್ತವೆ. ‘ಕ್ಯಾನ್ಸರಿಗೆ ಔಷಧಿ’ ಅನ್ನುವುದು ‘ಜ್ವರಕ್ಕೆ ಔಷಧಿ’ ಅಂದಷ್ಟೇ ಸಡಿಲ ಮಾತು. ಮಲೇರಿಯಾ ಜ್ವರವೂ ಜ್ವರ, ಟೈಫಾಯ್ಡೂ ಜ್ವರ.

ನಮ್ಮ ಮೆಸೇಜಿನ ಚೀನಾ ಔಷಧಿಯನ್ನೇ ತಗೊಳ್ಳಿ. ಅದರ ಹೆಸರು ಎಚ್101, ಮಾರಾಟದ ಹೆಸರು ಆಂಕೋರಿನ್. ನೆಗಡಿ ತರುವ ಅಡಿನೋವೈರಸ್ಸಿನಿಂದ ಇ1ಬಿ-55ಕೆ ಎಂಬ ಭಾಗ ತೆಗೆದು ಮಾಡಿದ್ದು. ಮುಖ್ಯ ಅಧ್ಯಯನದಲ್ಲಿ ಬರೀ ಕೀಮೋ ತಗೊಂಡವರಲ್ಲಿ 39.6 ಶೇಕಡಾ ಜನರಿಗೆ ಗೆಡ್ಡೆ ಕುಗ್ಗಿತು, ಕೀಮೋ ಜೊತೆ ಎಚ್101 ತಗೊಂಡವರಲ್ಲಿ 78.8 ಶೇಕಡಾ. ಕೇಳೋಕೆ ಭಾರಿ ಅನಿಸುತ್ತದೆ, ಅಲ್ವಾ? ಆದರೆ ‘ಕೀಮೋ ಜೊತೆ’ ಎಂಬ ಮಾತು ನೋಡಿ. ಕೀಮೋ ಬದಲು ಅಲ್ಲ, ಆಪರೇಷನ್ ಬದಲಂತೂ ಅಲ್ಲವೇ ಅಲ್ಲ. ಅಲ್ಲಿ ಅಳೆದದ್ದು ಗೆಡ್ಡೆ ಕುಗ್ಗಿದ್ದನ್ನು. ಜನ ಎಷ್ಟು ಜಾಸ್ತಿ ದಿನ ಬದುಕಿದರು ಅನ್ನುವುದನ್ನು ತೋರಿಸಿ ಸಿಕ್ಕ ಒಪ್ಪಿಗೆ ಅಲ್ಲ ಅದು. ಮೂಗಿನ ಹಿಂದಿನ ನಾಸೋಫ್ಯಾರಿಂಕ್ಸ್ ಕ್ಯಾನ್ಸರಿನ ಹೆಸರು ಅದರ ಜೊತೆ ಹೆಚ್ಚು ಕೇಳುತ್ತದೆ, ನಮ್ಮ ಮಾವನದು ನಾಲಿಗೆ. ಡಾಕ್ಟರ ಹತ್ತಿರ ಇದನ್ನು ಹೇಳಿದಾಗ ಅವರು ನಕ್ಕು ಬೈಯಲಿಲ್ಲ, ಪುಣ್ಯಕ್ಕೆ. ‘ಇವರದು ಆಪರೇಷನ್ನಿನಲ್ಲಿ ಪೂರ್ತಿ ತೆಗೆಯಬಹುದಾದ ಹಂತ. ತೆಗೆಯಬಹುದಾದ್ದನ್ನು ಬಿಟ್ಟು ಕುಗ್ಗಿಸಲು ಹೋಗುವುದು ಯಾಕೆ?’ ಅಂದರು. ಆ ಒಂದು ಮಾತಿಗೆ ಅತ್ತೆ ಬಳೆ ಮತ್ತೆ ಹಾಕಿಕೊಂಡರು.

ಬೇರೆ ಕಡೆ ಒಪ್ಪಿಗೆ ಸಿಕ್ಕಿರುವುದೂ ಬೆರಳೆಣಿಕೆಯಷ್ಟೇ. ಅಮೆರಿಕದ ಎಫ್‌ಡಿಎ 2015ರ ಅಕ್ಟೋಬರಿನಲ್ಲಿ ಟಿ-ವೆಕ್ ಎಂಬ ವೈರಸ್ ಔಷಧಿಗೆ ಒಪ್ಪಿಗೆ ಕೊಟ್ಟಿತು. ಮಾರಾಟದ ಹೆಸರು ಇಮ್ಲಿಜಿಕ್. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಆಪರೇಷನ್ ಆದಮೇಲೂ ಮರಳಿ ಬಂದು, ಮತ್ತೆ ಕತ್ತರಿಸಿ ತೆಗೆಯಲು ಆಗದಿದ್ದಾಗ, ಚರ್ಮದ ಮೇಲೆ, ಚರ್ಮದಡಿ ಅಥವಾ ದುಗ್ಧರಸ ಗ್ರಂಥಿಯಲ್ಲಿ (ಲಿಂಫ್ ನೋಡ್) ಇರುವ ಗಂಟಿಗೆ ಚುಚ್ಚಲು. ಜಪಾನಿನಲ್ಲಿ 2021ರ ಜೂನಿನಲ್ಲಿ ಡೆಲಿಟ್ಯಾಕ್ಟ್‌ಗೆ ಷರತ್ತಿನ, ಕಾಲಮಿತಿಯ ಒಪ್ಪಿಗೆ ಸಿಕ್ಕಿತು. ಟೋಕಿಯೊ ವಿಶ್ವವಿದ್ಯಾಲಯದ ತೊಮೊಕಿ ತೊಡೊ ಅವರ ತಂಡ ಬೆಳೆಸಿದ್ದು ಇದು. ಗ್ಲಯೋಮಾ ಎಂಬ ಮಿದುಳಿನ ಗೆಡ್ಡೆಗೆ, ತಲೆಬುರುಡೆಯಲ್ಲಿ ದಾರಿ ಮಾಡಿ ನೇರ ಗೆಡ್ಡೆಗೇ ಕೊಡುವುದು, ಹೆಚ್ಚೆಂದರೆ ಆರು ಸಲ. ಒಪ್ಪಿಗೆಗೆ ಆಧಾರವಾದ ಅಧ್ಯಯನದಲ್ಲಿ ಇದ್ದದ್ದು 19 ಜನ. ‘ಷರತ್ತಿನ’ ಅನ್ನುವ ಪದ ಯಾಕಿದೆ ಅಂತ ಈಗ ಗೊತ್ತಾಯಿತಲ್ಲ.

ಇವುಗಳಲ್ಲಿ ಒಂದು ಸಾಮ್ಯ ಕಾಣಿಸುತ್ತದೆ. ಎಚ್101, ಟಿ-ವೆಕ್, ಡೆಲಿಟ್ಯಾಕ್ಟ್ ಮೂರನ್ನೂ ನೇರ ಗೆಡ್ಡೆಗೇ ಚುಚ್ಚುತ್ತಾರೆ. ಕೈಯ ನರಕ್ಕೆ ಡ್ರಿಪ್ ಹಾಕಿ ಬಿಟ್ಟರೆ ರಕ್ತದಲ್ಲಿರುವ ಪ್ರತಿಕಾಯಗಳು (ಆಂಟಿಬಾಡಿ) ವೈರಸ್ಸನ್ನು ದಾರಿಯಲ್ಲೇ ಹಿಡಿದು ಮುಗಿಸಿಬಿಡುವ ಸಂಭವ ಹೆಚ್ಚು. ಡ್ರಿಪ್ಪಿನ ದಾರಿಯನ್ನೂ ಪ್ರಯೋಗಗಳಲ್ಲಿ ನೋಡುತ್ತಿದ್ದಾರೆ, ಆದರೆ ಅದು ಕಷ್ಟದ ದಾರಿ. ಹಾಗಾಗಿ ನಿಮ್ಮವರ ಕ್ಯಾನ್ಸರ್ ಲಿವರ್, ಶ್ವಾಸಕೋಶ, ಮೂಳೆ ಅಂತ ಹತ್ತು ಕಡೆ ಹರಡಿದ್ದರೆ, ಮತ್ತು ಮೆಸೇಜಿನಲ್ಲಿರುವುದು ಚರ್ಮದ ಗಂಟಿನ ಫೋಟೋ ಆಗಿದ್ದರೆ, ಎರಡಕ್ಕೂ ಸಂಬಂಧ ಇಲ್ಲ ಅಂತಲೇ ಮೊದಲು ಇಟ್ಟುಕೊಳ್ಳಿ. ಇನ್ನೊಂದು, ಮೆಲನೋಮಾ ನಮ್ಮ ಕಡೆ ಅಪರೂಪ. ಬಂದರೂ ಅಂಗಾಲು, ಉಗುರಿನಡಿ, ಬಾಯಿಯೊಳಗಿನ ಪೊರೆಯಂಥ ಜಾಗದಲ್ಲಿ ಬರುವುದೇ ಜಾಸ್ತಿ. ಬಿಳಿ ಚರ್ಮದ ಜನರಲ್ಲಿ ಬಿಸಿಲಿನಿಂದ ಬರುವ ಬಗೆಯ ಮೇಲೆ ನಡೆದ ಅಧ್ಯಯನವನ್ನು ತಂದು ಇಲ್ಲಿಗೆ ಹಾಗೇ ಅಂಟಿಸಲು ಬರುವುದಿಲ್ಲ.

ಅಂಕಿ ನೋಡುವ ರೀತಿ

ಟಿ-ವೆಕ್ ಅಧ್ಯಯನವನ್ನೇ ಇಟ್ಟುಕೊಂಡು ಅಭ್ಯಾಸ ಮಾಡೋಣ, ಯಾಕೆಂದರೆ ಈ ಜಾತಿಯಲ್ಲಿ ಗಟ್ಟಿಯಾಗಿ ನಡೆದದ್ದು ಅದು. ಆಪ್ಟಿಮ್ ಅಂತ ಹೆಸರು. 436 ರೋಗಿಗಳು. ಕೆಲವರಿಗೆ ಟಿ-ವೆಕ್, ಉಳಿದವರಿಗೆ ಜಿಎಂ-ಸಿಎಸ್‌ಎಫ್ ಎಂಬ ಇನ್ನೊಂದು ಇಂಜೆಕ್ಷನ್.

ಗೆಡ್ಡೆ ಚೆನ್ನಾಗಿ ಕುಗ್ಗಿ, ಆರು ತಿಂಗಳಾದರೂ ಹಾಗೇ ಉಳಿದದ್ದು ಟಿ-ವೆಕ್ ಪಡೆದವರಲ್ಲಿ 16.3 ಶೇಕಡಾ, ಇನ್ನೊಂದು ಗುಂಪಿನಲ್ಲಿ 2.1 ಶೇಕಡಾ. ಪೇಪರಿನವರು ಇದನ್ನು ‘ಎಂಟು ಪಟ್ಟು ಪರಿಣಾಮ’ ಅಂತ ಬರೆದರೆ ಲೆಕ್ಕ ತಪ್ಪಲ್ಲ. ಆದರೆ ನೀವು ಅದನ್ನು ತಿರುಗಿಸಿ ಓದಬೇಕು: ನೂರರಲ್ಲಿ ಸುಮಾರು 84 ಜನಕ್ಕೆ ಅಂಥ ಬಾಳಿಕೆಯ ಪರಿಣಾಮ ಸಿಗಲಿಲ್ಲ. ಬದುಕಿದ ಅವಧಿಯ ಮಧ್ಯಮಾಂಕ (ಅರ್ಧ ಜನ ಇದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದರು ಅಂತ) 23.3 ತಿಂಗಳು, ಇನ್ನೊಂದು ಗುಂಪಿನಲ್ಲಿ 18.9. ನಾಲ್ಕೂವರೆ ತಿಂಗಳ ಹತ್ತಿರದ ವ್ಯತ್ಯಾಸ. ಅದೂ ‘ಇದು ಆಕಸ್ಮಿಕ ಅಲ್ಲ’ ಅಂತ ಹೇಳಲು ಬೇಕಾದ ಅಂಕಿಅಂಶದ ಗೆರೆಯನ್ನು ಕೂದಲೆಳೆಯಲ್ಲಿ ದಾಟಲಿಲ್ಲ.

ನನಗೆ ಇದಕ್ಕಿಂತ ಕುತೂಹಲ ಅನಿಸಿದ್ದು ಇನ್ನೊಂದು ಲೆಕ್ಕ. ಸೂಜಿ ಚುಚ್ಚಿದ ಗಂಟುಗಳಲ್ಲಿ 64 ಶೇಕಡಾ ಅರ್ಧಕ್ಕರ್ಧ ಅಥವಾ ಅದಕ್ಕಿಂತ ಜಾಸ್ತಿ ಕುಗ್ಗಿದವು. ಚುಚ್ಚದೆ ಬಿಟ್ಟ, ಮೈಮೇಲಿನ ಗಂಟುಗಳಲ್ಲಿ 34 ಶೇಕಡಾ. ಶ್ವಾಸಕೋಶ, ಲಿವರ್‌ನಂಥ ಒಳಗಿನ ಅಂಗಗಳಲ್ಲಿದ್ದವುಗಳಲ್ಲಿ 15 ಶೇಕಡಾ. ಮುಟ್ಟದ ಗಂಟೂ ಕರಗಿತಲ್ಲ, ಅದೇ ಕಾವಲುಪಡೆಗೆ ಗುರುತು ಸಿಕ್ಕಿದ್ದಕ್ಕೆ ಸಾಕ್ಷಿ. ಆದರೆ ಸೂಜಿಯಿಂದ ದೂರ ಹೋದಷ್ಟೂ ಫಲ ಇಳಿಯುತ್ತಾ ಬಂತು. ಒಂದೇ ಅಧ್ಯಯನ, ಭರವಸೆಯೂ ಅಲ್ಲೇ ಇದೆ, ಮಿತಿಯೂ ಅಲ್ಲೇ ಇದೆ.

ಹಾಗಾಗಿ ಯಾವುದೇ ಸುದ್ದಿಯಲ್ಲಿ ಶೇಕಡಾ ಕಂಡ ಕೂಡಲೇ ಕೇಳಿ: ಒಟ್ಟು ಎಷ್ಟು ಜನ? ಯಾವುದರ ಜೊತೆ ಹೋಲಿಸಿದರು? ಗೆಡ್ಡೆ ಕುಗ್ಗಿದ್ದೋ, ಮನುಷ್ಯ ಉಳಿದದ್ದೋ?

ಇಲಿಯೋ, ಒಬ್ಬರೋ, ನೂರಾರು ಜನರೋ

‘ಇಲಿ ಹೋಯ್ತು ಅಂದರೆ ಹುಲಿ ಹೋಯ್ತು ಅಂದರು’ ಅಂತಾರಲ್ಲ, ಈ ವಿಷಯದಲ್ಲಿ ಅದು ಅಕ್ಷರಶಃ ನಿಜ. ಇಲಿಯಲ್ಲಿ ಗೆಡ್ಡೆ ಕರಗಿಸಿದ ವೈರಸ್‌ಗಳು ಲೆಕ್ಕವಿಲ್ಲದಷ್ಟಿವೆ. ಸುದ್ದಿಯ ಮೂರನೇ ಪ್ಯಾರಾದವರೆಗೂ ಇಲಿ ಅಂತ ಹೇಳುವುದೇ ಇಲ್ಲ.

ಮನುಷ್ಯರ ಮೇಲೆ ಅಂದರೆ ಪ್ರಯೋಗದ ಯಾವ ಹಂತ ಅಂತ ನೋಡಿ. ಮೊದಲ ಹಂತದಲ್ಲಿ ನೋಡುವುದು ಮುಖ್ಯವಾಗಿ ‘ಎಷ್ಟು ಡೋಸ್ ಕೊಟ್ಟರೆ ಮೈ ತಡೆಯುತ್ತದೆ’ ಅನ್ನುವುದನ್ನು. 2022ರ ಮೇ ತಿಂಗಳಲ್ಲಿ ‘ಕ್ಯಾನ್ಸರ್ ಕೊಲ್ಲುವ ವೈರಸ್ ಮೊದಲ ರೋಗಿಗೆ ಕೊಟ್ಟಾಯಿತು’ ಅಂತ ಜಗತ್ತೆಲ್ಲ ಸುದ್ದಿಯಾಯಿತು, ನೆನಪಿದೆಯಾ? ಅದು ವ್ಯಾಕ್ಸಿನಿಯಾ ಎಂಬ ವೈರಸ್ಸಿನ ಮೊದಲ ಹಂತ. ಅಲ್ಲಿ ಸುದ್ದಿ ಏನಿತ್ತು ಅಂದರೆ, ಒಬ್ಬರಿಗೆ ಕೊಟ್ಟರು ಅನ್ನುವುದಷ್ಟೇ.

ಎರಡನೇ ಹಂತದ ಖುಷಿ ಮೂರನೇ ಹಂತದಲ್ಲಿ ಇಳಿದುಹೋದದ್ದಕ್ಕೆ ಪೆಕ್ಸಾ-ವೆಕ್ ಎಂಬ ವೈರಸ್ ಔಷಧಿ ಒಳ್ಳೆಯ ಉದಾಹರಣೆ. ಲಿವರ್ ಕ್ಯಾನ್ಸರಿನ 30 ಜನರ ಸಣ್ಣ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹೆಚ್ಚು ಡೋಸ್ ಪಡೆದವರು 14.1 ತಿಂಗಳು, ಕಡಿಮೆ ಡೋಸ್ ಪಡೆದವರು 6.7 ತಿಂಗಳು ಬದುಕಿದರು. ಎರಡರಷ್ಟು! ಎಲ್ಲರೂ ಹಿಗ್ಗಿದರು. ಆಮೇಲೆ ದೊಡ್ಡ ಮೂರನೇ ಹಂತ ಶುರುವಾಯಿತು. 2019ರಲ್ಲಿ ನಡುವೆ ಲೆಕ್ಕ ತೆಗೆದು ನೋಡಿದಾಗ ಮುಂದುವರಿಸಿ ಪ್ರಯೋಜನ ಇಲ್ಲ ಅಂತ ನಿಲ್ಲಿಸಿದರು. 2013ರ ಸುದ್ದಿ ಓದಿದವರೆಷ್ಟು ಜನ 2019ರ ಸುದ್ದಿ ಓದಿರುತ್ತಾರೆ ಹೇಳಿ. ಆ ಹಳೆಯ ಸುದ್ದಿ ಈಗಲೂ ಯಾರದೋ ಫೋನಿನಲ್ಲಿ ಓಡಾಡುತ್ತಿರಬಹುದು. ಹಾಗಾಗಿ ಔಷಧಿಯ ಹೆಸರು ಹಾಕಿ, ಜೊತೆಗೆ ‘ಫೇಸ್ 3’ (ಮೂರನೇ ಹಂತ) ಅಂತ ಇಂಗ್ಲಿಷಿನಲ್ಲಿ ಹಾಕಿ, ಹೊಸ ಸುದ್ದಿ ಹುಡುಕುವುದನ್ನು ರೂಢಿ ಮಾಡಿಕೊಳ್ಳಿ.

ಒಬ್ಬರ ಕತೆಗಳು ಇನ್ನೂ ಜೋರು. 1971ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಉಗಾಂಡಾದ ಎಂಟು ವರ್ಷದ ಹುಡುಗನ ವಿಷಯ ಬಂತು. ಅವನಿಗೆ ಬರ್ಕಿಟ್ ಲಿಂಫೋಮಾ ಎಂಬ ಕ್ಯಾನ್ಸರ್. ದಡಾರ ಬಂದು ಹೋಗುವಷ್ಟರಲ್ಲಿ ಗೆಡ್ಡೆ ಕುಗ್ಗಿತ್ತು. 2014ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರಿನ ಇಬ್ಬರಿಗೆ ಪಳಗಿಸಿದ ದಡಾರದ ವೈರಸ್ಸನ್ನು ನರಕ್ಕೆ ಕೊಟ್ಟದ್ದನ್ನು ವರದಿ ಮಾಡಿದರು. ಡೋಸ್ ಎಷ್ಟು ಗೊತ್ತಾ, 10,000 ಕೋಟಿ ವೈರಸ್ ಕಣ. ಒಬ್ಬರಿಗೆ ಕಾಯಿಲೆ ಪೂರ್ತಿ ಹಿಂದೆ ಸರಿಯಿತು. ಇನ್ನೊಬ್ಬರಿಗೆ ಅಷ್ಟು ಫಲ ಸಿಗಲಿಲ್ಲ. ಮೆಸೇಜಿನಲ್ಲಿ ಆ ಇನ್ನೊಬ್ಬರು ಇರುವುದೇ ಇಲ್ಲ.

ಮನೆಯಲ್ಲಿ ಮಾಡಿಕೊಳ್ಳುವ ಮಾತು ಬಂದರೆ

ಈಚೆಗೆ ಜಾಸ್ತಿ ಬರುವ ಮೆಸೇಜು ಕ್ರೊಯೇಷಿಯಾದ ಬೆಯಾಟಾ ಹಲಾಸಿ ಅವರದು. ಝಾಗ್ರೆಬ್ ವಿಶ್ವವಿದ್ಯಾಲಯದ ವೈರಾಣು ವಿಜ್ಞಾನಿ. ಸ್ತನ ಕ್ಯಾನ್ಸರ್ ಮತ್ತೆ ಬಂದಾಗ, 2020ರಲ್ಲಿ, ತಮ್ಮ ಲ್ಯಾಬಿನಲ್ಲಿ ತಯಾರಿಸಿದ ದಡಾರದ ವೈರಸ್, ಆಮೇಲೆ ವಿಎಸ್‌ವಿ ಎಂಬ ಇನ್ನೊಂದು ವೈರಸ್, ಎರಡನ್ನೂ ಸುಮಾರು ಎರಡು ತಿಂಗಳು ಗೆಡ್ಡೆಗೆ ಚುಚ್ಚಿಸಿಕೊಂಡರು. ಗೆಡ್ಡೆ ಕುಗ್ಗಿತು. 2024ರಲ್ಲಿ ಅದನ್ನು ಪ್ರಬಂಧವಾಗಿ ಪ್ರಕಟಿಸಿದರು. ಅಷ್ಟೊತ್ತಿಗೆ ನಾಲ್ಕು ವರ್ಷ ಕ್ಯಾನ್ಸರ್ ಮರಳಿರಲಿಲ್ಲ.

ಮೆಸೇಜಿನಲ್ಲಿ ಬಿಟ್ಟುಹೋಗುವುದು ಏನು ಅಂದರೆ, ಅವರ ಡಾಕ್ಟರುಗಳು ಉದ್ದಕ್ಕೂ ನೋಡಿಕೊಳ್ಳುತ್ತಿದ್ದರು. ಕುಗ್ಗಿದ ಗೆಡ್ಡೆಯನ್ನು ಆಮೇಲೆ ಆಪರೇಷನ್ ಮಾಡಿ ತೆಗೆದರು. ಅದಾದಮೇಲೆ ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಎಂಬ ಕ್ಯಾನ್ಸರ್ ಇಂಜೆಕ್ಷನ್ ತಗೊಂಡರು. ಅವರು ಜೀವನವಿಡೀ ವೈರಸ್ ಬೆಳೆಸಿ ಶುದ್ಧ ಮಾಡುವ ಕೆಲಸ ಮಾಡಿದವರು. ನಮ್ಮ ಗ್ರೂಪಿನಲ್ಲಿ ಒಬ್ಬರು ‘ದಡಾರದ ಲಸಿಕೆ ಮೆಡಿಕಲ್ ಶಾಪಿನಲ್ಲಿ ಸಿಗುತ್ತಲ್ಲ, ಅದನ್ನೇ ಚುಚ್ಚಿಸಿದರೆ?’ ಅಂತ ಕೇಳಿದ್ದರು. ದಯವಿಟ್ಟು ಬೇಡ. ಕೀಮೋದಿಂದ ಬಿಳಿ ರಕ್ತಕಣ ಇಳಿದವರಿಗೆ ಜೀವಂತ ವೈರಸ್ಸಿನ ಲಸಿಕೆಯೇ ಅಪಾಯ. 1949ರಲ್ಲಿ ಅಮೆರಿಕದಲ್ಲಿ ಹಾಡ್ಜ್‌ಕಿನ್ ಕಾಯಿಲೆ ಎಂಬ ಕ್ಯಾನ್ಸರಿನ 22 ಜನರಿಗೆ ಹೆಪಟೈಟಿಸ್ ವೈರಸ್ ಇದ್ದ ರಕ್ತದ ಅಂಶ ಕೊಟ್ಟು ನೋಡಿದ್ದರು. ಕೆಲವರಿಗೆ ಸ್ವಲ್ಪ ದಿನ ಗೆಡ್ಡೆ ಇಳಿಯಿತು, ಆದರೆ ಕಾಮಾಲೆ ಅಂಟಿತು, ಒಬ್ಬರು ಸತ್ತೇ ಹೋದರು. ಪಳಗಿಸದ ವೈರಸ್ಸಿನ ಜೊತೆ ಆಟ ಆಡಿದ ಕಾಲ ಅದು.

ಇನ್ನು ‘ಇಂಥ ದೇಶದಲ್ಲಿ ಒಪ್ಪಿಗೆ ಇದೆ’ ಅಂದರೂ ಕಣ್ಣು ಮುಚ್ಚಬೇಡಿ. ಲಾಟ್ವಿಯಾದಲ್ಲಿ ರಿಗ್ವಿರ್ ಎಂಬ ವೈರಸ್ ಔಷಧಿ 2004ರಲ್ಲಿ ಮೆಲನೋಮಾಗೆ ನೋಂದಣಿಯಾಗಿತ್ತು. ಹೊರದೇಶದ ರೋಗಿಗಳೂ ಹುಡುಕಿಕೊಂಡು ಹೋಗುತ್ತಿದ್ದರು. 2019ರಲ್ಲಿ ಪರೀಕ್ಷೆ ಮಾಡಿದರೆ ಬಾಟಲಿಯಲ್ಲಿ ಇರಬೇಕಾದ್ದಕ್ಕಿಂತ ಎಷ್ಟೋ ಕಡಿಮೆ ವೈರಸ್ ಇತ್ತು. ವಿತರಣೆ ನಿಂತಿತು. ದುಡ್ಡು ಕೊಟ್ಟವರಿಗೆ ಸಿಕ್ಕಿದ್ದು ಬಹುಪಾಲು ನೀರು, ಇನ್ನೇನು ಹೇಳುವುದು.

ಪ್ರಯೋಗ ನಡೆಯುತ್ತಿದೆಯಾ ಅಂತ ಹುಡುಕುವುದು

ಇಷ್ಟೆಲ್ಲ ಜರಡಿ ಹಿಡಿದಮೇಲೂ ವಿಷಯ ನಿಮ್ಮವರ ಕಾಯಿಲೆಗೆ ಹೊಂದುತ್ತದೆ ಅನಿಸಿದರೆ, ಏಜೆಂಟನ್ನಲ್ಲ, ನೋಂದಣಿ ಪುಸ್ತಕ ನೋಡಿ. ಭಾರತದಲ್ಲಿ ನಡೆಯುವ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ತಾಣದಲ್ಲಿ ದಾಖಲಾಗಬೇಕು. 2009ರ ಜೂನಿನಿಂದ ಇದು ಕಡ್ಡಾಯ. ನೋಡುವುದಕ್ಕೆ ದುಡ್ಡಿಲ್ಲ, ಲಾಗಿನ್ ಇಲ್ಲ. ಹುಡುಕುವ ಜಾಗದಲ್ಲಿ ಆಂಕೋಲಿಟಿಕ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ. ಬರದಿದ್ದರೆ ವೈರಸ್ಸಿನ ಹೆಸರು ಹಾಕಿ (ಹರ್ಪಿಸ್, ಅಡಿನೋವೈರಸ್, ವ್ಯಾಕ್ಸಿನಿಯಾ), ಅದೂ ಆಗದಿದ್ದರೆ ಕ್ಯಾನ್ಸರಿನ ಹೆಸರು. ಹೊರದೇಶದ್ದಕ್ಕೆ ಅಮೆರಿಕ ಸರ್ಕಾರದ ಕ್ಲಿನಿಕಲ್ ಟ್ರಯಲ್ಸ್ ಡಾಟ್ ಗವ್ ಇದೆ. ಖಾಲಿ ಪಟ್ಟಿ ಬಂದರೆ ಬೇಜಾರಾಗಬೇಡಿ, ಅದೂ ಒಂದು ಉತ್ತರ. ಯಾರಾದರೂ ‘ನಮ್ಮಲ್ಲಿ ಟ್ರಯಲ್ ನಡೀತಿದೆ’ ಅಂದರೆ ಸಿಟಿಆರ್‌ಐ ನಂಬರು ಕೇಳಿ. ಅದು ಸಿಟಿಆರ್‌ಐ, ವರ್ಷ, ತಿಂಗಳು, ಆಮೇಲೆ ಕ್ರಮಸಂಖ್ಯೆ ಹೀಗೆ ಇರುತ್ತದೆ. ನಂಬರ್ ಕೇಳಿದ ತಕ್ಷಣ ಮಾತು ಬದಲಿಸಿದರೆ ಫೋನ್ ಇಡಿ.

ದಾಖಲೆ ಸಿಕ್ಕರೆ ಮೊದಲು ನೋಡಬೇಕಾದ್ದು ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರಾ, ಮುಗಿದಿದೆಯಾ ಅಂತ. ಆಮೇಲೆ ಯಾರನ್ನು ಸೇರಿಸುತ್ತಾರೆ, ಯಾರನ್ನು ಬಿಡುತ್ತಾರೆ ಅನ್ನುವ ಪಟ್ಟಿ. ಅದರಲ್ಲಿ ಇಸಿಒಜಿ 0 ಅಥವಾ 1 ಅಂತ ಪದೇ ಪದೇ ಕಾಣಿಸುತ್ತದೆ. ಅಂದರೆ ರೋಗಿ ತನ್ನ ಕೆಲಸ ತಾನು ಮಾಡಿಕೊಂಡು ಓಡಾಡುವಷ್ಟು ಗಟ್ಟಿ ಇರಬೇಕು. ದಿನದ ಅರ್ಧಕ್ಕಿಂತ ಹೆಚ್ಚು ಹೊತ್ತು ಹಾಸಿಗೆಯಲ್ಲೇ ಇರುವವರನ್ನು ಸಾಮಾನ್ಯವಾಗಿ ಸೇರಿಸುವುದಿಲ್ಲ. ‘ಎಲ್ಲ ಮುಗಿದ ಮೇಲೆ ಕೊನೆಗೆ ಪ್ರಯೋಗಕ್ಕೆ ಹೋದರಾಯಿತು’ ಅನ್ನುವ ನಮ್ಮ ಜನರ ಲೆಕ್ಕ ಇಲ್ಲೇ ತಪ್ಪುವುದು. ಸೇರುವ ಮನಸ್ಸಿದ್ದರೆ ಮೈಯಲ್ಲಿ ಶಕ್ತಿ ಇರುವಾಗಲೇ ಕೇಳಬೇಕು.

ಪ್ರಯೋಗದ ಔಷಧಿಗೆ ರೋಗಿಯಿಂದ ಲಕ್ಷಗಟ್ಟಲೆ ಕೇಳಿದರೆ ಅದು ಪ್ರಯೋಗ ಅಲ್ಲ, ವ್ಯಾಪಾರ. ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು. ಕನ್ನಡದಲ್ಲಿ ಕೊಡಿ ಅಂತ ಕೇಳಿ, ಸಂಕೋಚ ಬೇಡ, ಮನೆಗೆ ತಂದು ಓದಿ. ಪ್ರಯೋಗದಿಂದಲೇ ತೊಂದರೆ ಆದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರ ಕೊಡಬೇಕು ಅಂತ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳಲ್ಲಿದೆ. ಯಾವಾಗ ಬೇಕಾದರೂ ಹೊರಬರಬಹುದು.

ಡಾಕ್ಟರ ಮುಂದೆ

ಮೆಸೇಜನ್ನು ತೋರಿಸಿ ‘ಇದು ನಿಜನಾ ಸಾರ್’ ಅಂತ ಕೇಳಿದರೆ ಒಪಿಡಿಯ ಆ ಗದ್ದಲದಲ್ಲಿ ‘ಅದೆಲ್ಲ ನಂಬಬೇಡಿ’ ಅನ್ನುವ ಉತ್ತರವೇ ಬರುವುದು, ಅವರ ತಪ್ಪಲ್ಲ. ನಾನು ಎರಡನೇ ಸಲ ಚೀಟಿಯಲ್ಲಿ ಬರೆದುಕೊಂಡು ಹೋದೆ. ಔಷಧಿಯ ನಿಜವಾದ ಹೆಸರು, ಯಾವ ಕ್ಯಾನ್ಸರಿಗೆ ಒಪ್ಪಿಗೆ ಇದೆ, ಪ್ರಯೋಗದ ಯಾವ ಹಂತ. ಆಮೇಲೆ ಕೇಳಿದ್ದು ಇಷ್ಟು: ಈಗ ನೀವು ಹೇಳಿರುವ ಚಿಕಿತ್ಸೆಯಿಂದ ಏನು ಆಗಬಹುದು ಅಂತ ನಿರೀಕ್ಷೆ? ಅದನ್ನು ಮಾಡಿಸಿದರೆ ಮುಂದೆ ಪ್ರಯೋಗಕ್ಕೆ ಸೇರುವ ಬಾಗಿಲು ಮುಚ್ಚುತ್ತದಾ? ಇವರ ಕೇಸನ್ನು ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಬೇರೆ ಬೇರೆ ತಜ್ಞರು ಒಟ್ಟಿಗೆ ಕೂತು ಚರ್ಚಿಸುವ ಸಭೆಯಲ್ಲಿ, ಇಡಬಹುದಾ? ಈ ಪ್ರಶ್ನೆಗಳಿಗೆ ಡಾಕ್ಟರು ಕುರ್ಚಿ ಎಳೆದು ಕೂತು ಉತ್ತರ ಕೊಟ್ಟರು. ಎರಡನೇ ಅಭಿಪ್ರಾಯಕ್ಕೆ ಹೋಗುವುದಾದರೆ ಬರೀ ರಿಪೋರ್ಟಿನ ಜೆರಾಕ್ಸ್ ಸಾಲದು, ಬಯಾಪ್ಸಿಯ ಸ್ಲೈಡು ಮತ್ತು ಬ್ಲಾಕು (ಮೇಣದಲ್ಲಿ ಕೂರಿಸಿದ ಗೆಡ್ಡೆಯ ತುಣುಕು), ಸ್ಕ್ಯಾನಿನ ಸಿಡಿ ಇಷ್ಟನ್ನೂ ಕೇಳಿ ತಗೊಳ್ಳಿ. ಬೆಂಗಳೂರಿನ ಕಿದ್ವಾಯಿಯಾಗಲಿ, ಮುಂಬೈಯ ಟಾಟಾ ಮೆಮೋರಿಯಲ್ ಆಗಲಿ, ಅಲ್ಲಿ ಮತ್ತೆ ಪರೀಕ್ಷಿಸಿ ನೋಡಲು ಬೇಕಾಗುವುದು ಅವೇ.

ನಿಜವಾಗಿಯೂ ಆ ಇಂಜೆಕ್ಷನ್ ಆಗುತ್ತಿದ್ದರೆ

ಅಮೆರಿಕ, ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಟಿ-ವೆಕ್ ಸಿಗುವ ಸಾಧ್ಯತೆ ಇದೆ. ಆರೈಕೆಗೆ ಅಂತ ಇಲ್ಲಿಂದ ಅಪ್ಪ ಅಮ್ಮ ಹೋಗಿರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತೇನೆ.

ಅದು ಹರ್ಪಿಸ್ ವೈರಸ್, ತುಟಿಯಲ್ಲಿ ಹುಣ್ಣು ತರುವ ಜಾತಿಯದನ್ನೇ ಪಳಗಿಸಿದ್ದು. ಸೊನ್ನೆಗಿಂತ 70 ಡಿಗ್ರಿಗೂ ಕೆಳಗೆ ಇಟ್ಟಿರುತ್ತಾರೆ, ಕರಗಿಸಿ ಕೊಡುತ್ತಾರೆ. ಮೊದಲ ಸಲ ಮಿಲಿಲೀಟರಿಗೆ 10 ಲಕ್ಷ ವೈರಸ್ ಕಣ ಇರುವ ದುರ್ಬಲ ಡೋಸ್, ಮೈಗೆ ಪರಿಚಯ ಮಾಡಿಸಲು. ಮೂರು ವಾರ ಬಿಟ್ಟು ಮಿಲಿಲೀಟರಿಗೆ 10 ಕೋಟಿ. ಆಮೇಲೆ ಎರಡು ವಾರಕ್ಕೊಮ್ಮೆ, ಕನಿಷ್ಠ ಆರು ತಿಂಗಳಾದರೂ ನಡೆಯುತ್ತದೆ. ಶುರುವಿನಲ್ಲಿ ಗಂಟು ದೊಡ್ಡದಾದ ಹಾಗೆ ಕಂಡು ಆಮೇಲೆ ಇಳಿಯುವುದೂ ಉಂಟು, ಹಾಗಾಗಿ ಮೊದಲ ತಿಂಗಳೇ ಎದೆ ಒಡೆದುಕೊಳ್ಳಬೇಡಿ. ಚಳಿ, ಜ್ವರ, ಸುಸ್ತು, ಓಕರಿಕೆ ಬರುವುದು ಸಾಮಾನ್ಯ.

ಚುಚ್ಚಿದ ಜಾಗಕ್ಕೆ ಗಾಳಿಯಾಡದ ಡ್ರೆಸ್ಸಿಂಗ್ ಹಾಕಿರುತ್ತಾರೆ. ಕನಿಷ್ಠ ಒಂದು ವಾರ ಮುಚ್ಚಿಡಬೇಕು, ಸೋರುತ್ತಿದ್ದರೆ ಇನ್ನೂ ಜಾಸ್ತಿ ದಿನ. ಬದಲಿಸುವಾಗ ಕೈಗವಸು, ತೆಗೆದದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಕಸಕ್ಕೆ. ಬಾಣಂತನಕ್ಕೂ ಆರೈಕೆಗೂ ಒಬ್ಬರೇ ಅಮ್ಮ ಹೋಗಿರುವ ಮನೆಗಳಲ್ಲಿ ಇಲ್ಲಿ ಸ್ವಲ್ಪ ಜಾಗ್ರತೆ: ಬಸುರಿಯರು ಮತ್ತು ರೋಗನಿರೋಧಕ ಶಕ್ತಿ ಕುಂದಿದವರು ಆ ಡ್ರೆಸ್ಸಿಂಗ್ ಮುಟ್ಟಬಾರದು, ಎಳೆಗೂಸನ್ನೂ ಆ ಗಾಯಕ್ಕೆ ತಾಗಿಸಬಾರದು. ರೋಗಿ ಆ ಜಾಗ ಕೆರೆದು ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳಬಾರದು. ಊರಿಂದ ತಂದ ಮಾತ್ರೆ ಡಬ್ಬಿಯಲ್ಲಿ ಅಸೈಕ್ಲೋವಿರ್ ಇದ್ದರೆ ಕೇಳದೆ ಕೊಡಬೇಡಿ, ಅದು ಹರ್ಪಿಸ್ ವೈರಸ್ಸನ್ನು ತಡೆಯುವ ಮಾತ್ರೆ, ಚಿಕಿತ್ಸೆಯನ್ನೇ ಕೆಡಿಸಬಹುದು. ಸ್ಟಿರಾಯ್ಡ್ ಮಾತ್ರೆ ತಗೊಳ್ಳುತ್ತಿದ್ದರೆ ಅದನ್ನೂ ಮೊದಲೇ ಹೇಳಿ.

ಮಾವನಿಗೆ ಆಪರೇಷನ್ ಆಯಿತು, ರೇಡಿಯೇಷನ್ ಆಯಿತು. ಈಗ ಮಾತು ಸ್ವಲ್ಪ ತೊದಲು, ಖಾರ ತಡೆಯುವುದಿಲ್ಲ, ಮುದ್ದೆಯನ್ನು ತೆಳ್ಳಗೆ ಮಾಡಿಸಿಕೊಂಡು ಸಾರಿನಲ್ಲಿ ಕಲಸಿಕೊಂಡು ಉಣ್ಣುತ್ತಾರೆ. ಮೂರು ತಿಂಗಳಿಗೊಮ್ಮೆ ತಪಾಸಣೆ ಇದೆ. ಚಿಕ್ಕಪ್ಪ ಈಗಲೂ ಮೆಸೇಜ್ ಕಳಿಸುತ್ತಾರೆ, ಆದರೆ ಗ್ರೂಪಿಗೆ ಹಾಕುವ ಮೊದಲು ನನಗೊಬ್ಬನಿಗೆ. ಮೊನ್ನೆ ಕಳಿಸಿದ್ದಕ್ಕೆ ‘ಇದು ಇಲಿಗಾ ಚಿಕ್ಕಪ್ಪ, ಮನುಷ್ಯರಿಗಾ?’ ಅಂತ ಕೇಳಿದೆ. ಹತ್ತು ನಿಮಿಷ ಬಿಟ್ಟು ಉತ್ತರ ಬಂತು. ‘ಇಲಿಗೆ ಕಣಪ್ಪ. ಕೊನೇ ಸಾಲಲ್ಲಿ ಹಾಕಿದ್ದಾರೆ.’